ಅಕ್ಕನ ದವಡೆಯ ತಾಂಬೂಲ

ನಮ್ಮ ಜಯಕ್ಕನಿಗೆ ಎಲೆಅಡಿಕೆಯ ಚಟ ಹತ್ತಿದೆಯಂತೆ.

ಈ ಸುದ್ದಿಯನ್ನು ನನಗೆ ಮುಟ್ಟಿಸಿದವರು ಸಾಕಮ್ಮ. ಹೊಳೆನರಸೀಪುರದಲ್ಲಿ ನಮ್ಮಕ್ಕನ ಎದುರುಮನೆಯವರು. ಯಾವುದೋ ಮದುವೆಗೆ ಸೀರೆ ತೆಗೆಯಲು ಹಾಸನಕ್ಕೆ ಬಂದಿದ್ದವರು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು, ಕೈ ಹಿಡಿದು ಗೋಡೆಯ ಪಕ್ಕಕ್ಕೆ ಎಳೆದುಕೊಂಡು ಹೋಗಿ, ದನಿ ತಗ್ಗಿಸಿದರು.

"ತಂಗಿಯಾಗಿ ನೀವೊಂದ್ ಮಾತು ಏಳ್ಬೇಕು ಕಣವ್ವ. ಗಂಡ ನೋಡುದ್ರೆ ಅಂಗೆ ಕುಂತವ್ರೆ. ಇವಳು ಒತ್ತಾರೆಯಿಂದ ಬೈಗಿನಗಂಟ ಒಂದ್ ಕೆನ್ನೆ ತುಂಬ ಎಲೆಅಡ್ಕೆ ತುಂಬ್ಕಂಡಿರ್ತಾಳೆ. ನೋಡ್ದೋರು ಏನಂದಾರು?"

ನನಗೆ ಗಾಬರಿಯಾಯಿತು. (ಎಲೆಅಡಿಕೆಯ ಬಗ್ಗೆ ಅಲ್ಲ. ಕೂತು ಅಡಿಕೆ ಜಗಿಯುವಷ್ಟು ಪುರುಸೊತ್ತು ನಮ್ಮಕ್ಕನಿಗೆ ಎಲ್ಲಿಂದ ಬಂತು ಅಂತ.)

ಆ ಭಾನುವಾರವೇ ಬಸ್ಸು ಹತ್ತಿದೆ. ಅಕ್ಕ ಬಾಗಿಲು ತೆಗೆದಳು. ಸಾಕಮ್ಮ ಹೇಳಿದ್ದು ನಿಜ. ಎಡಗೆನ್ನೆಯೊಳಗೆ ನಿಂಬೆಹಣ್ಣು ಇಟ್ಟುಕೊಂಡ ಹಾಗೆ ಊದಿತ್ತು. ಆದರೆ ಒಳಗಿದ್ದದ್ದು ತಾಂಬೂಲವಲ್ಲ, ಕೊಳೆತ ದವಡೆ ಹಲ್ಲು. ಕೀವು ಕಟ್ಟಿ, ಕಣ್ಣಿನವರೆಗೂ ಬಾವು ಏರಿತ್ತು. ಅನ್ನವನ್ನು ಕಿವುಚಿ, ಮಜ್ಜಿಗೆ ಸುರಿದುಕೊಂಡು ಕುಡಿಯುತ್ತಿದ್ದಳು.

ಯಾವಾಗಿನಿಂದ ಅಂತ ಕೇಳಿದೆ. ರಾಗಿ ಕುಯ್ಲಿನ ಹೊತ್ತಿನಿಂದ ಅಂದಳು. ಆಗಲೇ ಶಿವರಾತ್ರಿ ಕಳೆದಿತ್ತು. ಲವಂಗ ಕಚ್ಚಿದ್ದಳಂತೆ, ಉಪ್ಪುನೀರು ಮುಕ್ಕಳಿಸಿದ್ದಳಂತೆ, ಯಾರೋ ಹೇಳಿದರೆಂದು ಹೊಗೆಸೊಪ್ಪು ಇಟ್ಟುಕೊಂಡು ತಲೆ ತಿರುಗಿ ಬಿದ್ದಿದ್ದಳಂತೆ.

"ಹಾಸನಕ್ಕೆ ಬಂದು ಕೀಳಿಸ್ಕೊಳ್ಳೋಕೇನಾಗಿತ್ತೇ ನಿಂಗೆ?" ಅಂತ ರೇಗಿದೆ.

ಅಕ್ಕ ಒಳಕೋಣೆಯ ಕಡೆ ಒಮ್ಮೆ ನೋಡಿದಳು. "ಇವ್ರನ್ನ ಯಾರ ಕೈಲಿ ಬಿಟ್ಟು ಬರ್ಲಿ ಕಣೆ?"

ಭಾವನ ವಿಷಯ ಗೊತ್ತಿಲ್ಲದ ಓದುಗರಿಗೆ ಹೇಳಿಬಿಡುತ್ತೇನೆ. ನಮ್ಮ ಭಾವ ಚಂದ್ರಪ್ಪನವರು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಕೊಣನೂರಿನ ಲೈನು. ಆ ದಾರಿಯ ಅರ್ಧ ಜನರನ್ನು ಊರಿನ ಹೆಸರು ಹಿಡಿದೇ ಕೂಗುತ್ತಿದ್ದರು. ಬಸುರಿಯರನ್ನು ಮುಂದಿನ ಸೀಟಿಗೆ ಹತ್ತಿಸಿ, ಹಳ್ಳ ಬಂದಾಗಲೆಲ್ಲ ಡ್ರೈವರಿಗೆ "ನಿಧಾನ" ಅನ್ನುತ್ತಿದ್ದ ಮನುಷ್ಯ. ಒಂದು ಸಂತೆಯ ದಿನ ಕೊಣನೂರಿನಲ್ಲಿ ಬಸ್ಸಿನ ಟಾಪಿನ ಮೇಲೆ ನಿಂತು ಮೂಟೆ ಕಟ್ಟುತ್ತಿದ್ದಾಗ, ಕೆಳಗಿದ್ದ ಯಾರೋ ಅವಸರಕ್ಕೋ ತಮಾಷೆಗೋ "ರೈಟ್" ಅಂದರು. ಬಸ್ಸು ಹೊರಟಿತು. ಭಾವ ತಲೆಕೆಳಗಾಗಿ ಬಿದ್ದರು.

"ರೈಟ್" ಅಂದವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಅವನು ಮನೆಗೆ ಹೋಗಿ ಸಂತೆಯ ಸೊಪ್ಪಿನ ಸಾರು ಉಂಡು ಮಲಗಿರಬೇಕು.

ಮೈಸೂರಿಗೆ ಕರೆದೊಯ್ದರು. ಜೀವ ಉಳಿಯಿತು. ಕೈಕಾಲು ಗಟ್ಟಿಯಾಗೇ ಇವೆ. ಆದರೆ ಹೋದವರೇ ಬೇರೆ, ಮನೆಗೆ ಬಂದವರೇ ಬೇರೆ. ಉಂಡದ್ದು ನೆನಪಿರುವುದಿಲ್ಲ, ಮತ್ತೆ ತಟ್ಟೆ ಮುಂದೆ ಕೂರುತ್ತಾರೆ. ಬಡಿಸಲಿಲ್ಲವೆಂದು ತಟ್ಟೆ ಎಸೆಯುತ್ತಾರೆ. ಮರುಕ್ಷಣ ಮಗುವಿನ ಹಾಗೆ ಅಳುತ್ತಾರೆ. ಬಸ್ಸಿನ ಹಾರನ್ ಕೇಳಿದರೆ ಡ್ಯೂಟಿ ಅಂತ ಹೊರಟುಬಿಡುತ್ತಾರೆ. ಬಸ್ಸಿನಲ್ಲಿ ಕರೆದುಕೊಂಡು ಹೋಗುವ ಹಾಗಿಲ್ಲ. ಒಂದು ಸಲ ಕರೆದೊಯ್ದಾಗ ನಿಜವಾದ ಕಂಡಕ್ಟರನ ಕೊರಳಪಟ್ಟಿ ಹಿಡಿದಿದ್ದರು, ನನ್ನ ಚೀಲ ಕೊಡು ಅಂತ.

ಮಕ್ಕಳಿಲ್ಲ. ಅಕ್ಕ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ಕಣ್ಣು ಗಂಡನ ಮೇಲೆ. ಡಾಕ್ಟರು ಮೈಸೂರಿನಿಂದ ಕಳಿಸುವಾಗ ಅವಳಿಗೆ ಕೊಟ್ಟ ಔಷಧಿ ಎರಡೇ ಮಾತು: "ಚೆನ್ನಾಗಿ ನೋಡಿಕೊಳ್ಳಿ." ಆ ಎರಡು ಮಾತಿನೊಳಗೆ ಒಂದು ಹೆಂಗಸಿನ ಪೂರಾ ಆಯುಷ್ಯ ಹಿಡಿಸುತ್ತದೆ ಅಂತ ಡಾಕ್ಟರಿಗೆ ಗೊತ್ತಿತ್ತೋ ಇಲ್ಲವೋ.

ಇಲ್ಲೊಂದು ಸೋಜಿಗವಿದೆ. ಹೊರಗಿನವರು ಬಂದರೆ ಭಾವ ಬಲು ಮರ್ಯಾದಸ್ಥರು. "ಬನ್ನಿ, ಕೂತ್ಕಳಿ, ಯಾವೂರು?" ಅನ್ನುತ್ತಾರೆ. ಬಂದವರಿಗೆ ಪರಮಾನಂದ. ಏನಾಗಿದೆ ಇವರಿಗೆ, ಚೆನ್ನಾಗೇ ಇದ್ದಾರಲ್ಲ, ಜಯಮ್ಮ ಸುಮ್ಮನೆ ದೊಡ್ಡದು ಮಾಡ್ತಾಳೆ ಅಂದುಕೊಂಡು ಏಳುತ್ತಾರೆ. ಅವರು ಹೊಸಿಲು ದಾಟಿದ ಮೇಲೆ ಹಾರುವ ತಟ್ಟೆ ಅವರಿಗೆ ಕಾಣುವುದಿಲ್ಲವಲ್ಲ!

ಭಾವನ ಪೆಟ್ಟು ಒಳಗಿದೆ, ಕಾಣುವುದಿಲ್ಲ. ಆದ್ದರಿಂದ ಅದು ಇಲ್ಲ. ಅಕ್ಕನ ಬಾವು ಹೊರಗಿದೆ, ಕಾಣುತ್ತದೆ. ಆದ್ದರಿಂದ ಅದು ಎಲೆಅಡಿಕೆ.

(ಅಲ್ಲ, ನಿಜವಾಗಿ ಹಾಕಿಕೊಂಡಿದ್ದಳು ಅಂತಲೇ ಇಟ್ಟುಕೊಳ್ಳಿ. ಮುತ್ತೈದೆ ಉಂಡ ಮೇಲೆ ಒಂದು ಎಲೆ ಮಡಿಸಿದರೆ ಯಾರ ಗಂಟು ಹೋಗುತ್ತಿತ್ತು?)

ನೋಡಲು ಬರುವವರಿಗೇನೂ ಕಮ್ಮಿಯಿಲ್ಲ. ಬ್ರೆಡ್ಡು ತರುತ್ತಾರೆ, ಮೂಸಂಬಿ ತರುತ್ತಾರೆ. ಎಲ್ಲ ಭಾವನಿಗೆ. ಕೂತು ಕಾಫಿ ಕುಡಿಯುತ್ತಾರೆ. ಕಾಫಿ ಮಾಡಬೇಕಾದವಳು ಯಾರು? ಅವಳೇ. ಅರಕಲಗೂಡಿನ ಕಡೆ ಯಾವುದೋ ಬೇರು ತೇದು ಕುಡಿಸಿ ಯಾರಿಗೋ ವಾಸಿಯಾಯಿತೆಂಬ ಕಥೆ ಹೇಳುತ್ತಾರೆ. ಹೊರಡುವಾಗ "ನಿನ್ ತಾಳಿ ಗಟ್ಟಿ ಕಣವ್ವ" ಅನ್ನುತ್ತಾರೆ. "ಅವರು ಹೇಗಿದ್ದಾರೆ?" ಅಂತ ಕೇಳದವರಿಲ್ಲ. "ನೀನು ಹೇಗಿದ್ದೀಯ?" ಅಂತ ಕೇಳಿದವರನ್ನು ಹುಡುಕಿಕೊಟ್ಟರೆ ಅವರ ಕಾಲಿಗೆ ಬೀಳುತ್ತೇನೆ.

ಇನ್ನು ನೆಂಟರು. ಕೊಣನೂರಿನಲ್ಲಿ ಭಾವನ ಒಡಹುಟ್ಟಿದ ತಮ್ಮ ಇದ್ದಾನೆ. ಒಂದು ದಿನ ಅಣ್ಣನ ಹತ್ತಿರ ಬಂದು ಕೂತಿರಪ್ಪ ಅಂತ ಹೇಳಿಕಳಿಸಿದ್ದಕ್ಕೆ ಆತ ಬರಲಿಲ್ಲ, ಆತನ ಮಾತು ಬಂತು: ಅತ್ತಿಗೆ ಮನುಷ್ಯರಲ್ಲ, ದೇವತೆ. ದೇವತೆ ಅಂದುಬಿಟ್ಟರೆ ಎಷ್ಟು ಅನುಕೂಲ ನೋಡಿ! ದೇವತೆಗೆ ಹಲ್ಲು ನೋಯುವುದಿಲ್ಲ. ದೇವತೆಗೆ ನಿದ್ದೆ ಬೇಕಿಲ್ಲ. ದೂರದಿಂದ ಕೈ ಮುಗಿದರೆ ಋಣ ತೀರಿತು.

ನಮ್ಮ ಕಡೆಯವರೇನೂ ಕಡಿಮೆಯಲ್ಲ. ಚನ್ನರಾಯಪಟ್ಟಣದಲ್ಲಿ ನಮ್ಮಣ್ಣ ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ತಂಗಿಯ ಮೇಲೆ ಪ್ರಾಣ. ಆದ್ದರಿಂದ ತಪ್ಪದೆ ಕೊಬ್ಬರಿ ಕಳಿಸುತ್ತಾನೆ. ಊದಿದ ದವಡೆಗೆ ಒಣಕೊಬ್ಬರಿ!

ಸರಿ, ಸ್ಕೂಲಿಗೆ ಕ್ಯಾಷುವಲ್ ಲೀವ್ ಬರೆದುಕೊಟ್ಟು ಮತ್ತೆ ನಾನೇ ಹೋದೆ. ನಾನು ಭಾವನ ಹತ್ತಿರ ಇರುತ್ತೇನೆ, ನೀನು ಹಾಸನಕ್ಕೆ ಹೋಗಿ ಆ ಹಲ್ಲು ಕೀಳಿಸಿಕೊಂಡು ಬಾ ಅಂದೆ. ಹೊರಡಿಸುವುದೇ ಒಂದು ಯುದ್ಧವಾಯಿತು. ಸೀರೆ ಉಟ್ಟುಕೊಂಡು ಬಾಗಿಲವರೆಗೆ ಹೋಗುವಳು, ಏನೋ ನೆನಪಾಗಿ ತಿರುಗಿ ಬರುವಳು. ಊಟ ಆಯಿತು ಅಂತ ಹೇಳಬೇಡ, ಬಡಿಸುತ್ತಾ ಇದ್ದೀನಿ ಅನ್ನು. ಇಲ್ಲ ಅನ್ನಬೇಡ, ಆಮೇಲೆ ಅನ್ನು. ಕೋಪ ಬಂದರೆ ಎದುರಿಗೆ ನಿಲ್ಲಬೇಡ, ಪಕ್ಕಕ್ಕೆ ನಿಂತುಕೋ. ನಲವತ್ತು ಮಕ್ಕಳ ಕ್ಲಾಸು ಸಂಭಾಳಿಸುವವಳಿಗೆ ಪಾಠ ಹೇಳಬೇಡ, ಹೋಗು ಮಾರಾಯ್ತಿ ಅಂದೆ.

ಕೊನೆಯ ಸಲ ತಿರುಗಿ ಬಂದು ಹೇಳಿದಳು. "ಬಸ್ಸಿನ ಸದ್ದಿಗೆ ಹೊರಟ್ರೆ ಬಾಗಿಲ ಹಲಗೆ ತಟ್ಟಿ 'ಹೋಲ್ಡಾನ್' ಅನ್ನು. ನಿಂತ್ಕೋತಾರೆ. ಬರೀ ಬಾಯಲ್ಲಿ ಹೇಳುದ್ರೆ ಕೇಳಲ್ಲ, ತಟ್ಬೇಕು."

ಬೀದಿಯ ಮೂಲೆಯಲ್ಲಿ ಹಾಸನದ ಬಸ್ಸು ನಿಂತಿತ್ತು. ಕಂಡಕ್ಟರ್ ಸುಬ್ಬಣ್ಣ, ಭಾವನ ಜೊತೆ ಅದೇ ಲೈನಿನಲ್ಲಿ ದುಡಿದವನು. ಅಕ್ಕನನ್ನು ಕಿಟಕಿಯ ಪಕ್ಕ ಕೂರಿಸಿ, ಸಂಜೆಯ ಬಸ್ಸಿಗೆ ನಾನೇ ವಾಪಸು ಕರೆತರುತ್ತೇನೆ ಅಂದ.

ಊಟದ ಹೊತ್ತಿನವರೆಗೆ ಭಾವ ಚಿನ್ನ. ಯಾವೂರು ಅಂತ ನನ್ನನ್ನೇ ಕೇಳಿದರು. ಚನ್ನರಾಯಪಟ್ಟಣ ಅಂದೆ. ನಮ್ಮ ಜಯನೂ ಅದೇ ಊರು ಅಂತ ಸಂತೋಷಪಟ್ಟರು. ಆಮೇಲೆ ಶುರುವಾಯಿತು. ಜಯ ಎಲ್ಲಿ? ಹಾಸನಕ್ಕೆ ಹೋಗಿದ್ದಾಳೆ. ಹೌದಾ. ಜಯ ಎಲ್ಲಿ? ಹಾಸನಕ್ಕೆ. ನನಗೆ ಹೇಳಲೇ ಇಲ್ಲವಲ್ಲ! ಪ್ರತಿಸಲವೂ ಹೊಸದಾಗಿ ಕೇಳಿದರು, ಪ್ರತಿಸಲವೂ ಹೊಸದಾಗಿ ನೊಂದುಕೊಂಡರು. ನನ್ನ ನಾಲಿಗೆ ಒಣಗಿತು. ಕೊನೆಗೆ ಉತ್ತರ ಕೊಡದೆ ಕೂತೆ. ಅವರು ಮಿಷನ್ನಿನ ಮೇಲಿದ್ದ ರವಿಕೆಯ ಬಟ್ಟೆಯನ್ನು ಎತ್ತಿ ಹರಿದರು.

ಅಷ್ಟರಲ್ಲಿ ಕೊಣನೂರು ಬಸ್ಸಿನ ಹಾರನ್ ಕೇಳಿಸಿತು. ಎದ್ದೇಬಿಟ್ಟರು. ನಾನು ಅಡ್ಡ ನಿಂತು, ಕ್ಲಾಸಿನ ದನಿ ತೆಗೆದು "ಹೋಲ್ಡಾನ್" ಅಂದೆ. ಟಿಕೆಟ್ ತೆಗೆಯದೆ ಕೂತವಳನ್ನು ನೋಡುವ ಹಾಗೆ ನನ್ನನ್ನು ನೋಡಿ, ಒಂದು ಕೈಯಲ್ಲಿ ಪಕ್ಕಕ್ಕೆ ನೂಕಿದರು. ಬಾಗಿಲ ಚೌಕಟ್ಟಿಗೆ ನನ್ನ ಭುಜ ಬಡಿಯಿತು. ಎದುರಿಗೆ ನಿಲ್ಲಬೇಡ ಅಂತ ಅಕ್ಕ ಹೇಳಿದ್ದು ಆಗ ಅರ್ಥವಾಯಿತು.

ಸಾಕಮ್ಮ ಅವರ ಮನೆಯ ಜಗಲಿಯ ಮೇಲೆ ಕೂತಿದ್ದರು. ಸ್ವಲ್ಪ ಬನ್ನಿ, ಹಿಡಿದುಕೊಳ್ಳಿ ಅಂತ ಕೂಗಿದೆ. ಕೂತಲ್ಲಿಂದ ಏಳಲಿಲ್ಲ.

"ಅದೆಲ್ಲ ನಮ್ ಕೈಲಾಗಾಕಿಲ್ಲ ಕಣವ್ವ. ಅದ್ಕೆ ಜಯಮ್ಮನೇ ಸರಿ."

ಬೀದಿಯಲ್ಲಿ ಓಡಿದೆ. ಬರಿಗಾಲು, ಕಳಚಿದ ಸೆರಗು. ಮಿಡ್ಲ್ ಸ್ಕೂಲಿನ ಮೇಡಮ್ಮು ಹೋಲ್ಡಾನ್, ಹೋಲ್ಡಾನ್ ಅಂತ ಕಿರುಚಿಕೊಂಡು ಓಡುವುದನ್ನು ನೋಡಿ ಹೋಟೆಲಿನ ಮುಂದೆ ನಿಂತಿದ್ದವರು ನಕ್ಕರು. ಒಬ್ಬ "ರೈಟ್, ರೈಟ್" ಅಂದ. (ಇದನ್ನು ಓದುತ್ತಿದ್ದರೆ ಅವನಿಗೆ ತಿಳಿದಿರಲಿ, ಅವನ ಮುಖ ನನಗೆ ನೆನಪಿದೆ.) ಮುಚ್ಚಿದ ಅಂಗಡಿಯೊಂದರ ಹಲಗೆ ಬಾಗಿಲು ಕಣ್ಣಿಗೆ ಬಿತ್ತು. ಎರಡು ಸಲ ದಬದಬ ತಟ್ಟಿ "ಹೋಲ್ಡಾನ್" ಅಂದೆ. ಭಾವ ನಿಂತರು. ತಿರುಗಿ ನೋಡಿ ಕೇಳಿದರು, "ಎಲ್ಲಾ ಇಳುದ್ರಾ?"

ಇಳಿದರು ಅಂದೆ. ಸುಮ್ಮನೆ ನನ್ನ ಹಿಂದೆ ಮನೆಗೆ ಬಂದರು.

ಒಂದು ಮಾತು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಆ ಮಧ್ಯಾಹ್ನ ಭಾವನಿಗೆ ಎರಡು ಬಾರಿಸಬೇಕು ಅನ್ನಿಸಿತು ನನಗೆ. ಪಾಪದ ಮನುಷ್ಯ, ತಪ್ಪೇನೂ ಇಲ್ಲ, ಎಲ್ಲ ಗೊತ್ತಿದ್ದೂ ಅನ್ನಿಸಿತು. ಅರ್ಧ ದಿನಕ್ಕೇ ನನಗೆ ಹೀಗಾದರೆ ವರ್ಷಗಟ್ಟಲೆ ಇರುವವಳ ಒಳಗೆ ಏನೇನಿರಬಹುದು? ಅದನ್ನು ಅವಳು ಯಾರ ಮುಂದೆ ಹೇಳಿಕೊಳ್ಳಬೇಕು? ದೇವತೆ ಅಂತ ಹೆಸರಿಟ್ಟವರ ಮುಂದೆಯೇ?

ಸಂಜೆಯ ಬಸ್ಸು ಬಂದು ಹೋಯಿತು. ಅಕ್ಕ ಬರಲಿಲ್ಲ.

ಕಾದೆ. ಕಾಯುತ್ತಾ ಕೂತವಳಿಗೆ, ಇವಳು ಇನ್ನು ಬರುವುದೇ ಇಲ್ಲವೇನೋ ಅನ್ನಿಸಿತು. ಎಲ್ಲಾದರೂ ಹೊರಟುಹೋದಳೇನೋ. ದೇವರಾಣೆಗೂ ಹೇಳುತ್ತೇನೆ, ಹಾಗೆ ಹೋಗಿದ್ದರೆ ನಾನವಳನ್ನು ಬೈಯುತ್ತಿರಲಿಲ್ಲ. ಮಧ್ಯಾಹ್ನ ಕರೆದಾಗ ಬಾರದವರೆಲ್ಲ ಈಗ ಕರೆಯದೆಯೇ ಬಂದರು. ಜಯಮ್ಮ ಬರಲಿಲ್ಲವಂತೆ? ಎಲ್ಲಿಗೆ ಹೋದಳಂತೆ? ಜಗಲಿ ತುಂಬಿತು.

ದೀಪ ಹಚ್ಚುವ ಹೊತ್ತಿಗೆ ಅರಕಲಗೂಡಿನ ಕಡೆಯಿಂದ ಬಸ್ಸು ಬಂತು. ಹಾಸನದ ಕಡೆಯಿಂದಲ್ಲ, ಅರಕಲಗೂಡಿನ ಕಡೆಯಿಂದ! ಅಕ್ಕ ಇಳಿದು ಬಂದಳು, ಹಿಂದೆ ಸುಬ್ಬಣ್ಣ. ಹಲ್ಲು ಕಿತ್ತಲ್ಲಿ ಹತ್ತಿ ಇಟ್ಟಿದ್ದರಿಂದ ಕೆನ್ನೆ ಇನ್ನೂ ದಪ್ಪಗಿತ್ತು. ತುಟಿಯಂಚಿಗೆ ರಕ್ತ ಸೋರಿ ಕೆಂಪಾಗಿತ್ತು.

ಸಾಕಮ್ಮ ನನ್ನ ಪಕ್ಕೆಗೆ ಮೊಣಕೈಯಲ್ಲಿ ತಿವಿದರು. "ನೋಡುದ್ರಾ. ನಾ ಏಳ್ಲಿಲ್ವಾ?"

ನಾನು ಅಲ್ಲಿ ಏನಂದೆನೋ ಅದನ್ನು ಸಂಪಾದಕರು ಅಚ್ಚು ಹಾಕುವುದಿಲ್ಲ.

ಜನ ಚದುರಿದ ಮೇಲೆ ಸುಬ್ಬಣ್ಣ ಕಂಬ ಹಿಡಿದು ತಲೆ ತಗ್ಗಿಸಿ ನಿಂತ.

"ಆಸನದ ಬಸ್ ಸ್ಟ್ಯಾಂಡ್ ಬಿಟ್ಟಿದ್ದೇ ನಿದ್ದೆ ಓಗ್ಬುಟ್ರು ಮೇಡಮ್ಮೋರೆ. ಬಾಯಲ್ಲಿ ರಗುತ, ಆದ್ರೂ ಮಗೀನಂಗೆ ನಿದ್ದೆ. ಊರು ಬಂತು, ಎಬ್ಬಿಸ್ಬೇಕಾಗಿತ್ತು. ಮನ್ಸು ಬರ್ಲಿಲ್ಲ. ಅರಕಲಗೂಡಿಗಂಟ ಮಲಗಿರ್ಲಿ ಅಂತ ಕರ್ಕಂಡೋದೆ. ತಪ್ಪಾಗಿದ್ರೆ ಬೈದ್ಬುಡಿ."

ಬೈಯುವುದೇ? ಇಷ್ಟು ವರ್ಷದಲ್ಲಿ ನಮ್ಮಕ್ಕನಿಗೆ ನಿಜವಾಗಿ ಏನು ಬೇಕು ಅಂತ ತಿಳಿದುಕೊಂಡು ಅದನ್ನೇ ಕೊಟ್ಟವನು ಅವನೊಬ್ಬ. ಅವನು ಕೊಟ್ಟದ್ದಾದರೂ ಏನು? ಸುಮ್ಮನಿದ್ದ, ಅಷ್ಟೇ.

ಅಕ್ಕನಿಗೆ ಮಾತಾಡಲು ಆಗುತ್ತಿರಲಿಲ್ಲ. ಹತ್ತಿ ತೆಗೆದು ಮುಕ್ಕಳಿಸಿ ಬಂದು, ನನ್ನ ಭುಜದ ಗಾಯಕ್ಕೆ ಅರಿಶಿನ ಹಚ್ಚುತ್ತಾ ಹೇಳಿದಳು. "ಹಲ್ಲು ಹೋಗಿದ್ದು ಗೊತ್ತೇ ಆಗ್ಲಿಲ್ಲ ಕಣೆ. ಆ ನಿದ್ದೆ ಇತ್ತಲ್ಲ... ಅರಕಲಗೂಡಲ್ಲಿ ಎಚ್ಚರ ಆದಾಗ ನಾನು ಯಾರು, ಯಾರ ಮನೆಯೋಳು ಅನ್ನೋದೇ ಒಂದ್ ಗಳಿಗೆ ಮರೆತೋಗಿತ್ತು. ಎಷ್ಟು ಹಗುರಾಗಿತ್ತು ಗೊತ್ತಾ?"

ಮಾರನೆಯ ದಿನ ಊರು ತನ್ನ ವರದಿ ಸಿದ್ಧಮಾಡಿತ್ತು. ಬುದ್ಧಿ ಕೆಟ್ಟ ಗಂಡನನ್ನು ತಂಗಿಯ ತಲೆಗೆ ಕಟ್ಟಿ ಜಯಮ್ಮ ಕಂಡಕ್ಟರನ ಜೊತೆ ಅರಕಲಗೂಡು ಸುತ್ತಿ ಬಂದಳಂತೆ, ತುಟಿ ಕೆಂಪು ಮಾಡಿಕೊಂಡು. ಸುಬ್ಬಣ್ಣ ಆಮೇಲೆ ಆ ಬೀದಿಯಲ್ಲಿ ಕಾಲಿಟ್ಟಿಲ್ಲ. ಇದ್ದ ಒಬ್ಬನನ್ನೂ ಓಡಿಸಿ ಊರಿನವರು ಕೈತೊಳೆದುಕೊಂಡರು.

ನಾನು ಕೇಳುತ್ತೇನೆ. ನಮ್ಮ ಸೀಮೆಯಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ ಇದೆಯಲ್ಲವೇ? ಇವತ್ತು ನಿನ್ನ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕೂಲಿಯಿಲ್ಲ, ಮಾತಿಲ್ಲ, ಮರೆಯುವಂತಿಲ್ಲ. ಹಪ್ಪಳ ಒತ್ತಲು ಮುಯ್ಯಿ ಉಂಟು, ಮದುವೆಯ ಚಪ್ಪರಕ್ಕೆ ಮುಯ್ಯಿ ಉಂಟು, ಹೆಣ ಹೊರಲೂ ಉಂಟು. ಇದೇ ಜಯಕ್ಕ ಸಾಕಮ್ಮನ ಮಗಳ ಬಾಣಂತನಕ್ಕೆ ತಿಂಗಳುಗಟ್ಟಲೆ ನೀರು ಕಾಯಿಸಿ ಹಾಕಿದವಳು. ಆ ಮುಯ್ಯಿ ಎಲ್ಲಿ ಹೋಯಿತು? ತಲೆಗೆ ಪೆಟ್ಟು ಬಿದ್ದವನ ಪಕ್ಕ ಒಂದು ಮಧ್ಯಾಹ್ನ ಕೂರಲು ಮಾತ್ರ ನಮ್ಮಲ್ಲಿ ಮುಯ್ಯಾಳು ಹುಟ್ಟಲಿಲ್ಲವೇ?

ಇಂಥ ಮನೆ ನಮ್ಮಕ್ಕನದೊಂದೇ ಅಲ್ಲ. ನಿಮ್ಮ ಬೀದಿಯಲ್ಲೂ ಇದೆ. ಗಾಡಿಯಿಂದ ಬಿದ್ದವನು, ಮರದಿಂದ ಬಿದ್ದವನು, ಅವನ ಹಿಂದೆ ಓಡುವ ಒಬ್ಬ ಹೆಂಡತಿ, ಇಲ್ಲವೇ ತಾಯಿ. ಬ್ರೆಡ್ಡು ತೆಗೆದುಕೊಂಡು ಹೋಗುತ್ತೀರಲ್ಲ, ಹೋಗಿ. ಹೋದವರು ಎದುರಿಗೆ ಕೂತು, ನೀನು ಹೇಗಿದ್ದೀಯ ಅಂತ ಅವಳನ್ನೂ ಕೇಳಿ. ಕೇಳಿದ ಮೇಲೆ ಉತ್ತರ ಬರುವವರೆಗೂ ಎದ್ದು ಹೋಗಬೇಡಿ. ನೀನು ಮಲಕ್ಕೋ ಹೋಗವ್ವ, ನಾನಿಲ್ಲಿ ಕೂತಿರ್ತೀನಿ ಅನ್ನಿ. ಕಾಫಿ ಕೇಳಬೇಡಿ. ಇಷ್ಟು ಮಾಡಲು ಸಂಘ ಬೇಕೇ, ಸಭೆ ಬೇಕೇ, ಸರ್ಕಾರ ಬೇಕೇ?

ಕಳೆದ ಭಾನುವಾರ ಮತ್ತೆ ಹೋಗಿದ್ದೆ. ಅಕ್ಕನ ಕೆನ್ನೆ ಇಳಿದು ಸಪಾಟಾಗಿತ್ತು. ಬಾಗಿಲಲ್ಲೇ ಸಾಕಮ್ಮ ಸಿಕ್ಕರು. ನನ್ನನ್ನು ನೋಡಿ ಮುಖ ಅರಳಿಸಿ, ನೀವು ಬುದ್ಧಿ ಹೇಳಿದ ಮೇಲೆ ಎಲೆಅಡಿಕೆ ಬಿಟ್ಟುಬಿಟ್ಟಳು ನೋಡಿ, ಒಳ್ಳೇದಾಯಿತು ಅಂದರು. ಆಯಮ್ಮನನ್ನು ದಾಟಿಕೊಂಡು ಒಳಗೆ ಹೋದೆ.

ಉಂಡ ಮೇಲೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ಕಣ್ಣಲ್ಲಿ ಏನೋ ಆಸೆ. ಹೊಸ ಸೀರೆಯ ಸುದ್ದಿ ಹೇಳುವವಳ ಹಾಗೆ ಮೆಲ್ಲಗೆ ಹೇಳಿದಳು, "ಬಲಗಡೇದೂ ಒಂದು ಅಲ್ಲಾಡ್ತಾ ಇದೆ ಕಣೆ. ಇನ್ನೊಂದ್ ದಿನ ರಜ ಸಿಗುತ್ತಾ ನಿಂಗೆ?"

ಬಾಯಿ ತೆಗೆಸಿ, ಬೆರಳಿಟ್ಟು ಅಲ್ಲಾಡಿಸಿ ನೋಡಿದೆ. ಕಲ್ಲಿನ ಹಾಗೆ ಭದ್ರವಾಗಿತ್ತು.

ಒಂದು ನಿದ್ದೆಗೆ ಒಂದು ಹಲ್ಲಾದರೆ, ಉಳಿದ ಹಲ್ಲುಗಳು ನಮ್ಮಕ್ಕನಿಗೆ ಎಲ್ಲಿಯವರೆಗೆ ಬರುತ್ತವೆ ಸ್ವಾಮಿ?